ಬಾರ್ಸಿಲೋನಾ ಹತ್ರದ ತೆರ್ರಾಸ್ಸಾ ಮಿಲ್ ಮ್ಯೂಸಿಯಂ, ನೇಕಾರ ಮಂದಿ ನೋಡ್ಲೇಬೇಕು

ಗದಗ, ಹುಬ್ಬಳ್ಳಿ ಕಡೀಂದ ಮಕ್ಕಳನ್ನ ನೋಡಾಕ ಯುರೋಪಿಗೆ ಹೋಗೋ ಮಂದಿ ಈಗ ಭಾಳ ಆಗ್ಯಾರ, ಬಾರ್ಸಿಲೋನಾಕ್ಕ ಹೋದೋರೆಲ್ಲಾ ಆ ದೊಡ್ಡ ಚರ್ಚು, ಸಮುದ್ರ ನೋಡಿ ಫೋಟೋ ಹಾಕಿ ವಾಪಸ್ ಬರ್ತಾರ. ಅವ್ರಿಗೆ ನಾ ಹೇಳೋದು ಒಂದ, ಒಂದಿನ ತೆಗದಿಟ್ಟು ತೆರ್ರಾಸ್ಸಾಕ್ಕ ಹೋಗ್ರಿ. ಅದ್ರಾಗೂ ಬೆಟಗೇರಿ ನೇಕಾರ ಮನಿತನದೋರು ಯಾರರ ಇದ್ರ ಖಂಡಿತ ತಪ್ಪಸಬ್ಯಾಡ್ರಿ. ನನ್ನ ಕಡೀಂದ ಐದಕ್ಕ ಐದು ಸ್ಟಾರ್.

ಊರು ಅಂದ್ರ ಗದಗ-ಬೆಟಗೇರಿಗಿಂತ ಒಂದೀಟು ದೊಡ್ದು, ಎರಡು ಲಕ್ಷದ ಮ್ಯಾಲೆ ಜನ. ಉಣ್ಣೆ ಬಟ್ಟಿ ನೇದು ಬೆಳದ ಊರು. ಬಾರ್ಸಿಲೋನಾದ ಪ್ಲಾಸಾ ಕತಲುನ್ಯಾ ಸ್ಟೇಷನ್ದಾಗ ಎಫ್‌ಜಿಸಿ ಅಂತ ಲೋಕಲ್ ಟ್ರೇನ್ ಸಿಗತೈತಿ, ಎಸ್1 ಲೈನ್ ಹಿಡದ್ರ ಸುಮಾರು ಮುಕ್ಕಾಲು ತಾಸು. ಈ ಲೈನು 1919ರಾಗ ತೆರ್ರಾಸ್ಸಾ ಮುಟ್ಟಿದ್ದು, ಇನ್ನೊಂದು ದೊಡ್ಡ ರೈಲು ಅದಕ್ಕಿಂತ ಮೊದ್ಲ 1856ರಾಗ ಬಂದಿತ್ತು. ಆ ಊರಾಗ ದೊಡ್ಡ ಹೊಳಿ ಇಲ್ಲ, ನೀರಿನ ಬಲದ ಮ್ಯಾಲೆ ಮಿಲ್ ಓಡ್ಸೂದು ಆಗೂದಿಲ್ಲ, ಅದಕ್ಕ ಅಲ್ಲಿ ಎಲ್ಲಾ ಉಗಿ ಇಂಜಿನ್ ಮ್ಯಾಲೆ ನಡೀತಿತ್ತು, ಇಂಜಿನ್‌ಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲು ಬರಾಕ ರೈಲು ಬೇಕು. ಅಪಾರ್ಟ್‌ಮೆಂಟ್ ನಡುವ ಇನ್ನೂ ಅಲ್ಲಲ್ಲಿ ಹಳೇ ಇಟ್ಟಂಗಿ ಚಿಮಣಿ ನಿಂತಾವ, ಕೆಡವಿಲ್ಲ.

ಮ್ಯೂಸಿಯಂ ಇರೋದು ರಾಂಬ್ಲಾ ದೇಗರಾ ಅನ್ನೋ ದೊಡ್ಡ ರಸ್ತಾದ ಮ್ಯಾಲೆ, ಐಮೆರಿಕ್, ಅಮಾತ್ ಈ ಜೊವೆ ಅನ್ನೋ ಹಳೇ ಉಣ್ಣೆ ಮಿಲ್ಲಿನಾಗ. 1907-08ರ ಹೊತ್ತಿಗೆ ಲ್ಯುಯಿಸ್ ಮುಂಕುನಿಲ್ ಅನ್ನೋ ಆರ್ಕಿಟೆಕ್ಟ್ ಕಟ್ಟಿದ್ದು. ಒಳಗ ಕಾಲಿಟ್ಟ ಕೂಡ್ಲೇ ತಲಿ ಮ್ಯಾಲೆ ಹೋಗತೈತ್ರಿ ಕಣ್ಣು. ಛತ್ತು ಗರಗಸದ ಹಲ್ಲಿನಂಗ ಏರಿ ಇಳದೈತಿ, ಒಂದೊಂದು ಹಲ್ಲೂ ಬಾಗಿದ ಇಟ್ಟಂಗಿ ಕಮಾನು, ಅಂಥಾವು 161 ಅದಾವ, ಕೆಳಗ ಸಣ್ಣ ಸಣ್ಣ ಕಬ್ಬಿಣದ ಕಂಬ, ಅಷ್ಟ. ತೆಳ್ಳಗಿನ ಇಟ್ಟಂಗಿನ ಅಡ್ಡಾ ಮಲಗಿಸಿ, ಲಗೂನ ಬಿಗಿಯೋ ಜಿಪ್ಸಂ ಹಚ್ಚಿ, ಪದರ ಮ್ಯಾಲೆ ಪದರ ಕಟ್ಟೋದು ಆ ನಾಡಿನ ಹಳೇ ಕಸುಬು. ಹಲ್ಲಿನ ನೆಟ್ಟಗಿನ ಬಾಜೂಕ ಗಾಜು, ಎಲ್ಲಾ ಉತ್ತರಕ್ಕ ಮುಖ. ಹಂಗಾಗಿ ಬಿಸಿಲು ನೇರ ಬೀಳೂದಿಲ್ಲ, ಬೆಳಕು ಮಾತ್ರ ಇಡೀ ದಿನ ಒಂದ ಸಮ ಇರತೈತಿ. ಬಟ್ಟಿ ಕೆಲಸ ಗೊತ್ತಿದ್ದೋರಿಗೆ ಇದ್ರ ಬೆಲೆ ತಿಳೀತೈತಿ. ನಮ್ಮ ಬೆಟಗೇರಿ ಮನ್ಯಾಗ ಕುಣಿಮಗ್ಗ (ನೆಲದಾಗ ಕುಣಿ ತೋಡಿ ಕಾಲು ಇಳಿಬಿಟ್ಟು ನೇಯೋ ಕೈಮಗ್ಗ) ಇದ್ದ ಕೋಣಿಗೆ ಒಂದ ಸಣ್ಣ ಕಿಡಕಿ, ಬಲ್ಬಿನ ಬೆಳಕಿನಾಗ ಬಣ್ಣ ಬ್ಯಾರೇ ಕಾಣತಿತ್ತು, ನಮ್ಮಪ್ಪಾರು ಸೀರಿ ಸೆರಗು ಹಿಡಕೊಂಡು ಅಂಗಳಕ್ಕ ಬಂದು ನೋಡಿ ಆಮೇಲೆ ಮುಂದಿನ ಎಳಿ ಹಾಕತಿದ್ರು. ಅಲ್ಲಿ ಕೆಲಸಗಾರ ಕುಂತಲ್ಲೇ ಆ ಬೆಳಕು ಸಿಗೋಹಂಗ ಕಟ್ಟಡಾನ ಕಟ್ಟ್ಯಾರ ನೋಡ್ರಿ.

ಒಳಗ ಕುರಿ ಉಣ್ಣೆ ಬಂದಲ್ಲಿಂದ ಹಿಡದು ತೊಳೆಯೋದು, ಹಿಂಜೋದು, ನೂಲೋದು, ಹಾಸು (ಉದ್ದಕ್ಕ ಹಾಯೋ ಎಳಿ) ಹೂಡೋದು, ನೇಯೋದು, ಕಡೀಕ ಬಟ್ಟಿ ಹದ ಮಾಡೋದು, ಎಲ್ಲಾ ಮಷಿನ್ ಸರತಿ ಪ್ರಕಾರ ಇಟ್ಟಾರ. ಉಗಿ ಇಂಜಿನ್ನೂ ಐತಿ. ಒಂದ ಇಂಜಿನ್ನು ಮ್ಯಾಲಿನ ಶಾಫ್ಟ್ ತಿರಗಸತೈತಿ, ಶಾಫ್ಟಿನಿಂದ ಚರ್ಮದ ಪಟ್ಟಾ ಇಳದು ಕೆಳಗಿನ ಮಷಿನ್ ಓಡತಾವ. ಬೋರ್ಡು ಓದದಿದ್ರೂ ನಡೀತೈತಿ, ಯಾಕಂದ್ರ ನಮ್ಮವ್ವ ನನ್ನ ಜೋಡಿ ಬಂದಿದ್ಳು, ಆಕಿಗೆ ಇಂಗ್ಲಿಷೂ ಬರೂದಿಲ್ಲ, ಜೀವನ ಪೂರ್ತಿ ಕಂಡಕಿ, ಅಂದ್ರ ಲಾಳಿಯಾಗ ಇಡೋ ನೂಲಿನ ಉರುಳಿ, ಸುತ್ತಿದಾಕಿ. ಒಂದು ಮಗ್ಗದ ಮುಂದ ನಿಂತು ಲಾಳಿ ನೋಡಿದ್ಳು, ಎರಡೂ ತುದಿಗೆ ಕಬ್ಬಿಣದ ಮೊಳಿ, ನಡುವ ಕಂಡಕಿ ಕುಂಡ್ರೋ ಜಾಗಾ, ಬಾಜೂಕ ಎಳಿ ಹೊರಗ ಬರೋ ತೂತು. 'ಇದು ನಮ್ಮದ ಐತಲ್ಲೋ ತಮ್ಮಾ' ಅಂದ್ಳು. ಆಮೇಲೆ ನಾ ಏನೂ ಹೇಳೋದ ಬೇಕಾಗಲಿಲ್ಲ, ಆಕೀನ ನನಗ ಹಾಸು ಎಲ್ಲಿ ಹರೀತೈತಿ, ಎಳಿ ಬಡದು ಕೂಡಸೋ ಹಣಗಿ ಎಲ್ಲಿ ಬಡೀತೈತಿ ಅಂತ ತೋರಸ್ಕೋತ ಹೋದ್ಳು.

ನನಗ ಹೊಟ್ಟ್ಯಾಗ ಸಂಕಟ ಆಗಿದ್ದೂ ಇಲ್ಲೇ. ಅಲ್ಲೀನೂ 1970ರ ದಶಕದಾಗ ಬಟ್ಟಿ ಉದ್ಯೋಗ ಬಿತ್ತು, ಮಿಲ್ ಬಂದ್ ಆದ್ವು, ಆದ್ರ ಅಲ್ಲಿನ ಸರ್ಕಾರ ಈ ಕಟ್ಟಡ ತಗೊಂಡು ಮ್ಯೂಸಿಯಂ ಮಾಡ್ತು. ಹತ್ತಿಗೆ ಹೆಸರಾದ ಹುಬ್ಬಳ್ಯಾಗ ಮಿಲ್ಲಿನ ಭೋಂಗಾ ಕೇಳಿ ಎದ್ದು ಬುತ್ತಿ ಕಟಗೊಂಡು ಹೋಗ್ತಿದ್ದ ಮಂದಿ ಇನ್ನೂ ಅದಾರ, ಅವ್ರ ಮೊಮ್ಮಕ್ಕಳಿಗೆ ಕೈ ಮಾಡಿ ತೋರ್ಸಾಕ ಅಂಥಾ ಒಂದು ಶೆಡ್ಡು, ಒಂದು ಚಾಲೂ ಮಗ್ಗ ನಮ್ಮಲ್ಲಿ ಇಡಬೇಕು. ಬೆಟಗೇರ್ಯಾಗ ಇನ್ನೂ ಕೈಮಗ್ಗ ಇರೂವಾಗ್ಲೇ ಮಾಡಬೇಕು ಇದನ್ನ.

ಇನ್ನೊಂದು ವಿಷಯ. ಆ ರಾಂಬ್ಲಾ ರಸ್ತಾದಾಗ ನಡಿಯೋವಾಗ ಗೊತ್ತಿರ್ಲಿ, 1962ರ ಸೆಪ್ಟೆಂಬರ್ 25ರ ರಾತ್ರಿ ಹಳ್ಳ ಉಕ್ಕಿ ಇದ ದಾರೀಲೇ ನೀರು ನುಗ್ಗಿತ್ತು. ತೆರ್ರಾಸ್ಸಾ, ಬಾಜೂಕಿನ ಊರು ರುಬೀ, ಸಬಾದೆಲ್ ಎಲ್ಲಾ ಸೇರಿ ನೂರಾರು ಮಂದಿ ಸತ್ರು, ಹಳ್ಳದ ದಂಡಿಗೆ ಮನಿ ಕಟಗೊಂಡಿದ್ದ, ಸ್ಪೇನಿನ ದಕ್ಷಿಣದಿಂದ ಮಿಲ್ ಕೆಲಸಕ್ಕ ಬಂದ ಬಡವ್ರ ಹೆಚ್ಚು.

ಊಟದ್ದು ಒಂದೀಟು ತ್ರಾಸ. ಮಧ್ಯಾಹ್ನ ಭಾಳ ಅಂಗಡಿ ಬಾಗ್ಲಾ ಹಾಕ್ತಾವ, ಮುಂಜಾನೆನ ಮೆರ್ಕಾತ್ ದೆ ಲಾ ಇಂಡಿಪೆಂಡೆನ್ಸಿಯಾ ಅನ್ನೋ ಮಾರ್ಕೆಟ್‌ಗೆ ಹೋಗಿ ಹಣ್ಣು, ಬ್ರೆಡ್ ತಗೋರಿ, 1908ರ ಕಬ್ಬಿಣದ ಕಟ್ಟಡ, ಸ್ವಚ್ಛ ಐತಿ. ಸಸ್ಯಾಹಾರಿಗಳು 'ಎಸ್ಕಲಿವಾದಾ' ಅಂತ ಕೇಳ್ರಿ, ಬದನಿಕಾಯಿ, ದೊಡ್ಡ ಮೆಣಸಿನಕಾಯಿ ಸುಟ್ಟು ಎಣ್ಣಿ ಹಾಕಿ ಕೊಡ್ತಾರ, ಮ್ಯಾಲೆ ಮೀನು ಹಾಕಬ್ಯಾಡ್ರಿ ಅಂತ ಮೊದ್ಲ ಹೇಳ್ರಿ. ಜೋಡಿಗೆ ರೊಟ್ಟಿ ಇದ್ರ ಇನ್ನೂ ಛಲೋ ಇರತಿತ್ತು.

ಟೈಮ್ ಇದ್ರ ಮಸೀಯಾ ಫ್ರೇಶಾ ನೋಡ್ರಿ, ಅದೂ ಮುಂಕುನಿಲ್‌ದ, ಹಳೇ ಫ್ಯಾಕ್ಟರಿನ ಬೆಳ್ಳಗಿನ ಕಮಾನಿನ ಮನಿ ಮಾಡ್ಯಾರ. ಹಾಕಿ ಹುಚ್ಚಿದ್ದೋರಿಗೆ ಇನ್ನೊಂದು, 1992ರ ಒಲಿಂಪಿಕ್ಸ್ ಹಾಕಿ ನಡದಿದ್ದು ಈ ಊರಾಗ, ಪರ್ಗಟ್ ಸಿಂಗ್ ಕ್ಯಾಪ್ಟನ್ ಇದ್ದ ನಮ್ಮ ಭಾರತದ ಟೀಮು ಆಡಿದ್ದು ಇಲ್ಲೇ. ಸೋಮವಾರ ಮ್ಯೂಸಿಯಂ ಬಂದ್ ಇರತೈತಿ, ಆ ದಿನ ಬಿಟ್ಟು ಹೋಗ್ರಿ, ಮುಂಜಾನೆ ಬಾಗ್ಲಾ ತೆಗಿಯೋ ಹೊತ್ತಿಗೆ ಹೋದ್ರ ಆ ಬೆಳಕಿನಾಗ ಆರಾಮ ನೋಡಬಹುದು.