ಸೈಜ್ ಸರಿ ಬಂತು ಅಂತ ಹಳೆ ಕ್ಲಸ್ಟರ್ ಅಳಿಸಬೇಡಿ

ಹಳೆ ಆಬ್ಜೆಕ್ಟ್ ಸ್ಟೋರೇಜ್ ಕ್ಲಸ್ಟರ್‌ನಿಂದ (ಫೈಲ್‌ಗಳನ್ನು ಒಟ್ಟಾಗಿ ಇಟ್ಟುಕೊಳ್ಳುವ ಸರ್ವರ್‌ಗಳ ಗುಂಪು) ಹೊಸದಕ್ಕೆ ಡೇಟಾ ಸಾಗಿಸುತ್ತಿದ್ದೀರಾ? ಹಳೆಯದನ್ನು ಅಳಿಸುವ ಮುಂಚೆ ಇದನ್ನು ಓದಿ. ನಾನು ಅಳಿಸಿಬಿಟ್ಟಿದ್ದೆ.

ನಮ್ಮದು ನಾವೇ ಬರೆದ ಸ್ಕ್ರಿಪ್ಟ್. ನಡುವೆ ಇದ್ದ ಒಂದು ಮೆಷಿನ್‌ನಲ್ಲಿ ಓಡುತ್ತಿತ್ತು. ಅಲ್ಲಿಂದ ಓದು, ಇಲ್ಲಿಗೆ ಬರೆ, ಅಷ್ಟೇ. ಮುಗಿದ ಮೇಲೆ ಎರಡೂ ಕಡೆ ಎಣಿಕೆ ನೋಡಿದೆವು, ಒಂದೊಂದರ ಸೈಜ್ ನೋಡಿದೆವು. ಒಂದು ಬೈಟ್ ಕೂಡ ಹೆಚ್ಚುಕಮ್ಮಿ ಇಲ್ಲ. ಇಟ್ಯಾಗ್ (ಪ್ರತಿ ಫೈಲ್‌ಗೆ ಸ್ಟೋರೇಜ್ ಕೊಡುವ ಗುರುತು) ಹೋಲಿಸಿದಾಗ ಚಿಕ್ಕ ಫೈಲ್‌ಗಳೆಲ್ಲ ತಾಳೆಯಾದವು. ದೊಡ್ಡವು ಒಂದೂ ಆಗಲಿಲ್ಲ.

ಯಾಕೆ ಅಂತ ನಮಗೆ ಗೊತ್ತಿತ್ತು. ಎಡವಟ್ಟಾಗಿದ್ದು ಅಲ್ಲೇ. ಒಂದೇ ಸಲಕ್ಕೆ ಅಪ್‌ಲೋಡ್ ಆದ ಫೈಲ್‌ಗೆ ಇಟ್ಯಾಗ್ ಅಂದರೆ ಸಾಮಾನ್ಯವಾಗಿ ಅದರ ಎಂಡಿ5, ಅಂದರೆ ಒಳಗಿನ ಡೇಟಾದಿಂದ ಲೆಕ್ಕ ಹಾಕಿ ತೆಗೆದ ಚಿಕ್ಕ ಮುದ್ರೆ. ದೊಡ್ಡ ಫೈಲ್ ತುಂಡುತುಂಡಾಗಿ ಹೋಗುವ ಮಲ್ಟಿಪಾರ್ಟ್‌ನಲ್ಲಿ ಪ್ರತಿ ತುಂಡಿನ ಎಂಡಿ5 ತೆಗೆದು, ಅವನ್ನು ಸಾಲಾಗಿ ಜೋಡಿಸಿ, ಅದರ ಮೇಲೆ ಮತ್ತೊಂದು ಎಂಡಿ5 ಮಾಡುತ್ತಾರೆ. ಕೊನೆಗೆ ಒಂದು ಗೆರೆ, ತುಂಡುಗಳ ಸಂಖ್ಯೆ. 1024 ಎಂಬಿ ಫೈಲ್ ಹಳೆ ಕಡೆ 8 ಎಂಬಿ ತುಂಡುಗಳಲ್ಲಿತ್ತು, ಹಾಗಾಗಿ ಕೊನೆಯಲ್ಲಿ -128. ಹೊಸ ಕಡೆ 64 ಎಂಬಿ, ಅಂದರೆ -16. ಡೇಟಾ ಒಂದೇ ಇದ್ದರೂ ಇಟ್ಯಾಗ್ ಬೇರೆ ಬರುತ್ತದೆ. "ಮಲ್ಟಿಪಾರ್ಟ್ ಅಲ್ವಾ, ಬಿಡು" ಅಂದುಕೊಂಡೆವು.

ಮೂರು ವಾರ ಕಳೆದು ಒಂದು ಬ್ಯಾಕಪ್ ಬಿಚ್ಚಲು ಹೋದರೆ ಕಂಪ್ರೆಸ್ ಮಾಡಿದ್ದನ್ನು ಬಿಚ್ಚುವ ಜಿಜಿಪ್ ಸಿಆರ್‌ಸಿ ಎರರ್ ಕೊಟ್ಟಿತು, ಅಂದರೆ ಫೈಲ್ ಒಳಗೇ ಬರೆದಿಟ್ಟ ತಾಳೆ ಲೆಕ್ಕ (ಚೆಕ್‌ಸಮ್) ಹೊಂದಲಿಲ್ಲ. ಪುಣ್ಯಕ್ಕೆ ಆ ಫೈಲ್‌ನ ಇನ್ನೊಂದು ಪ್ರತಿ ಜೊತೆಗಾರರೊಬ್ಬರ ಡಿಸ್ಕ್‌ನಲ್ಲಿತ್ತು. ಬೈಟ್ ಬೈಟ್ ಹೋಲಿಸುವ ಸಿಎಂಪಿ ಕಮಾಂಡ್‌ಗೆ ಎರಡನ್ನೂ ಕೊಟ್ಟು, ವ್ಯತ್ಯಾಸವಿರೋ ಬೈಟ್‌ಗಳನ್ನೆಲ್ಲ ತೋರಿಸು ಅಂದೆ. ಬಂದಿದ್ದು ಒಂದೇ ಸಾಲು. ಒಂದರಲ್ಲಿ 141, ಇನ್ನೊಂದರಲ್ಲಿ 151. ಆಕ್ಟಲ್ (ಎಂಟರ ಆಧಾರದ) ಲೆಕ್ಕ ಅದು. ಬಿಡಿಸಿ ನೋಡಿದರೆ ತಿರುಗಿರುವುದು ಬರೀ ಒಂದು ಬಿಟ್.

ನಡುವಿನ ಮೆಷಿನ್‌ನ ರ‍್ಯಾಮ್ ಕೆಟ್ಟಿತ್ತು. ಇಂಥ ತಪ್ಪು ಹಿಡಿದು ಸರಿಪಡಿಸುವ ಇಸಿಸಿ ಬೇರೆ ಇರಲಿಲ್ಲ. ಡೇಟಾ ಮೆಮೊರಿಯಲ್ಲೇ ಕೆಟ್ಟಿದೆ, ಕೆಟ್ಟ ಮೇಲೆ ಅದಕ್ಕೆ ಚೆಕ್‌ಸಮ್ ಹಾಕಿ ಕಳಿಸಿದ್ದೇವೆ, ಹೊಸ ಕ್ಲಸ್ಟರ್ ತಾಳೆ ನೋಡಿ ಒಪ್ಪಿಕೊಂಡಿದೆ. ಅದರ ತಪ್ಪೇನಿಲ್ಲ. ಕ್ಲಸ್ಟರ್ ತನ್ನಲ್ಲಿರುವುದನ್ನು ತಾನೇ ಪರೀಕ್ಷಿಸಿಕೊಳ್ಳುವ ಸ್ಕ್ರಬ್ ಎಷ್ಟು ಸಲ ಓಡಿಸಿದರೂ ಇದು ಸಿಗಲ್ಲ. ಬರೆದದ್ದು ಬರೆದ ಹಾಗೇ ಇದೆಯಾ ಅಂತ ಮಾತ್ರ ಅದು ನೋಡುತ್ತದೆ. ಕೆಟ್ಟ ಬಿಟ್ಟನ್ನೂ ಜೋಪಾನವಾಗಿ ಕಾಯುತ್ತಿರುತ್ತದೆ!

ಈಗ ಸಾಗಿಸುವ ಮೊದಲೇ ಹಳೆ ಕಡೆಯದನ್ನೆಲ್ಲ ಪೂರ್ತಿ ಓದಿ ಎಸ್‌ಎಚ್‌ಎ256 (ಎಂಡಿ5 ತರಹದ್ದೇ ಇನ್ನೊಂದು ಮುದ್ರೆ) ಪಟ್ಟಿ ಮಾಡಿಟ್ಟುಕೊಳ್ಳುತ್ತೇವೆ. ಕಾಪಿ ಮಾಡುವ ಮೆಷಿನ್‌ನಲ್ಲಲ್ಲ, ಬೇರೆಯದರಲ್ಲಿ. ಆಮೇಲೆ ಹೊಸ ಕಡೆಯಿಂದ ಪೂರ್ತಿ ವಾಪಸ್ ಓದಿ ಹೋಲಿಸುತ್ತೇವೆ. ಡೇಟಾ ಕಾಪಿ ಮಾಡುವ ಟೂಲ್ ಆರ್‌ಕ್ಲೋನ್ ಬಳಸುವವರು ಚೆಕ್ ಕಮಾಂಡ್‌ಗೆ ಡೌನ್‌ಲೋಡ್ ಆಯ್ಕೆ ಕೊಟ್ಟರೆ ಅದು ಎರಡೂ ಕಡೆಯ ಡೇಟಾ ಇಳಿಸಿಕೊಂಡು ಹೋಲಿಸುತ್ತದೆ. ಮಿನಿಯೋ ಎಂಬ ಸ್ಟೋರೇಜ್ ಸಾಫ್ಟ್‌ವೇರ್‌ನ ಹೋಲಿಕೆ ಕಮಾಂಡ್ ಎಂಸಿ ಡಿಫ್ ಈ ಕೆಲಸಕ್ಕೆ ಬರಲ್ಲ, ಫೈಲ್ ಒಳಗಿನದನ್ನು ಅದು ಮುಟ್ಟುವುದೇ ಇಲ್ಲ. ಅಮೆಜಾನ್‌ನ ಸ್ಟೋರೇಜ್ ಸೇವೆ ಎಸ್3 ಕೊಡುವ ಎಸ್‌ಎಚ್‌ಎ256 ಇದೆಯಲ್ಲ ಅಂತಲೂ ಕೂರಬೇಡಿ. ಮಲ್ಟಿಪಾರ್ಟ್ ಆದರೆ ಅದೂ ತುಂಡುಗಳ ಲೆಕ್ಕವೇ. ಅಲ್ಲೇ ಸಿಗುವ ಇನ್ನೊಂದು ಚೆಕ್‌ಸಮ್ ಸಿಆರ್‌ಸಿ64ಎನ್‌ವಿಎಂಇ ಆದರೆ ಇಡೀ ಆಬ್ಜೆಕ್ಟ್‌ನದು.

ಟೈಮ್ ಜಾಸ್ತಿ ಹಿಡಿಯುತ್ತೆ, ನಿಜ. ಎಲ್ಲ ಓದಲು ಆಗದೇ ಇದ್ದರೆ ಎರಡೂ ಕಡೆ ತುಂಡುಗಳ ಸೈಜ್ ಒಂದೇ ಇಡಿ. ಇಟ್ಯಾಗ್ ತಪ್ಪಿದಾಗ "ಮಲ್ಟಿಪಾರ್ಟ್" ಅನ್ನುವ ನೆಪ ಆಗ ಇರಲ್ಲ.

ಉಳಿದ ಜಿಜಿಪ್ ಫೈಲ್‌ಗಳನ್ನು ಅವುಗಳದೇ ಸಿಆರ್‌ಸಿ ಹಿಡಿದು ಪರೀಕ್ಷಿಸಿದೆವು. ಇನ್ನೂ ನಾಲ್ಕು ಕೆಟ್ಟಿದ್ದವು. ಒಳಗೆ ಚೆಕ್‌ಸಮ್ಮೇ ಇಲ್ಲದ ಫೈಲ್‌ಗಳು ಎಷ್ಟು ಹೋಗಿವೆಯೋ, ಹೋಲಿಸೋಣ ಅಂದರೆ ಹಳೆಯದು ಇಲ್ಲ.