ಗ್ಯಾರೇಜಿಗೆ ಯಾವ ಎಕ್ಸಾಸ್ಟ್ ಫ್ಯಾನ್: ಗೋಡೆಯದ್ದೋ, ಪೈಪಿನದ್ದೋ?

ಮೊದಲು ಅಳತೆ. ಗ್ಯಾರೇಜು 20 ಅಡಿ ಉದ್ದ, 20 ಅಡಿ ಅಗಲ, 9 ಅಡಿ ಎತ್ತರ ಇದ್ದರೆ 3,600 ಘನ ಅಡಿ ಗಾಳಿ. ಗಂಟೆಗೆ 10 ಸಲ ಅದು ಬದಲಾಗಬೇಕು ಅಂದರೆ ನಿಮಿಷಕ್ಕೆ 600 ಘನ ಅಡಿ ಎಳೆಯುವ ಫ್ಯಾನ್ ಬೇಕು. ಡಬ್ಬಿಯ ಮೇಲೆ ಇದನ್ನೇ ಸಿಎಫ್‌ಎಂ ಎಂದು ಬರೆದಿರುತ್ತಾರೆ.

ಹೊರಗೋಡೆ ಇದ್ದರೆ ನನ್ನ ಆಯ್ಕೆ ಗೋಡೆ ಫ್ಯಾನೇ. ಒಂದು ತೂತು, ಒಂದು ಶಟರ್, ಕೆಲಸ ಮುಗಿಯಿತು. ಗಾಳಿ ನೇರ ಹೊರಗೆ ಹೋಗುತ್ತದೆ, ಒರೆಸುವುದೂ ಸುಲಭ. ಸದ್ದು ಮಾತ್ರ ಸ್ವಲ್ಪ ಜಾಸ್ತಿ. ಆದರೆ ಇದಕ್ಕೆ ಉದ್ದದ ಪೈಪ್ ಜೋಡಿಸಬೇಡಿ. ರೆಕ್ಕೆ ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಮುಂದೆ ಹೋಗುವುದಿಲ್ಲ.

ಸುತ್ತಲೂ ಕೋಣೆಗಳಿದ್ದರೆ ಪೈಪಿನ ನಡುವೆ ಕೂರಿಸುವ ಇನ್‌ಲೈನ್ ಫ್ಯಾನ್ ಸರಿ. ಪೈಪಿನ ತಡೆಯನ್ನು ಇದು ತಾಳಿಕೊಳ್ಳುತ್ತದೆ. ಮೋಟಾರು ದೂರದಲ್ಲಿರುವುದರಿಂದ ಸದ್ದೂ ಕಡಿಮೆ. ಪೈಪಿನ ತಿರುವುಗಳು ಆದಷ್ಟು ಕಡಿಮೆ ಇರಲಿ.

ಯಾವುದನ್ನೇ ಹಾಕಿ, ಎದುರು ಬದಿಯಲ್ಲಿ ಹೊಸ ಗಾಳಿ ಒಳಬರಲು ದಾರಿ ಬಿಡಿ. ಬಾಗಿಲು ಪೂರ್ತಿ ಮುಚ್ಚಿದರೆ ಫ್ಯಾನ್ ಸುಮ್ನೆ ತಿರುಗುತ್ತದೆ ಅಷ್ಟೇ. ಪೆಟ್ರೋಲ್, ಥಿನ್ನರ್ ಬಳಸುವವರು ಕಿಡಿ ಹಾರದ ಮೋಟಾರನ್ನೇ ಕೇಳಿ ತೆಗೆದುಕೊಳ್ಳಿ. ಆ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಫ್ಯಾನ್ ಇದೆಯೆಂದು ಗ್ಯಾರೇಜಿನೊಳಗೆ ಇಂಜಿನ್ ಓಡಿಸುತ್ತಾ ನಿಲ್ಲಬೇಡಿ. ಇಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಪತ್ತೆ ಹಚ್ಚುವ ಅಲಾರಂ ಬೇರೆಯೇ ಬೇಕು.