ಮೂರು ಸೀಸನ್ ಓಡಿದ 12 ವೋಲ್ಟ್ ರಿಲೇ ಲಾಂಚ್ ಕಂಟ್ರೋಲರ್: ಐದಕ್ಕೆ ನಾಲ್ಕು ಸ್ಟಾರ್

ಹವ್ಯಾಸಿ ರಾಕೆಟ್‌ಗಳನ್ನು ದೂರದಿಂದ ಹೊತ್ತಿಸುವ, ಅಮೆರಿಕದ ರಾಕೆಟ್ ಕ್ಲಬ್ ಮೈದಾನಗಳಲ್ಲಿ ಎಚ್‌ನಿಂದ ಎಲ್‌ವರೆಗಿನ (ಅಕ್ಷರ ಮುಂದೆ ಹೋದಷ್ಟೂ ಶಕ್ತಿ ಹೆಚ್ಚು) ಕಂಪನಿ ತಯಾರಿಕೆಯ ರಾಕೆಟ್ ಮೋಟರ್‌ಗಳಿಗೆ ಬಳಕೆಯಾದ ಸೆಟ್ ಇದು. ಕೈಪೆಟ್ಟಿಗೆಯಲ್ಲಿ ಕೀಲಿ, ಬಟನ್. ಪ್ಯಾಡ್ (ರಾಕೆಟ್ ನಿಲ್ಲಿಸುವ ಜಾಗ) ಪಕ್ಕದ ಪೆಟ್ಟಿಗೆಯಲ್ಲಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್), ಬ್ಯಾಟರಿ.

ರಿಲೇ ಯಾಕೆ ಬೇಕು ಅಂದರೆ, ಕೆ ಮೋಟರಿಗೆ ಕನಿಷ್ಠ 200 ಅಡಿ ದೂರ ನಿಲ್ಲಬೇಕು. ಹೋಗಿ ಬರುವ ತಂತಿ 400 ಅಡಿ. 18 ಗೇಜಿನ ತಾಮ್ರದ ತಂತಿಯಾದರೆ ಅದೊಂದೇ ಸುಮಾರು 2.5 ಓಮ್. ಮೋಟರನ್ನು ಹೊತ್ತಿಸುವ ಇಗ್ನೈಟರ್ 1 ಓಮ್ ಅಂತಿಟ್ಟುಕೊಂಡರೆ ಸಿಗುವುದು ಮೂರೂವರೆ ಆಂಪಿಯರ್ ಕೂಡ ಅಲ್ಲ. ರಿಲೇ ಇದ್ದಾಗ ಉದ್ದ ತಂತಿಯಲ್ಲಿ ಹರಿಯುವುದು ರಿಲೇಯ ಕಾಯಿಲ್ ಎಳೆಯುವ ಸಣ್ಣ ಕರೆಂಟ್ ಮಾತ್ರ; ಇಗ್ನೈಟರಿಗೆ ಬ್ಯಾಟರಿಯಿಂದ ಹತ್ತಡಿ ದಪ್ಪ ತಂತಿ. ಬಟನ್ ಒತ್ತಿದ ಕೂಡಲೇ ಹೊತ್ತುತ್ತದೆ.

ಒಂದು ಸ್ಟಾರ್ ಕಳೆದದ್ದೂ ಅದೇ ರಿಲೇಗೆ. ಪದೇಪದೇ ಕಿಡಿ ಹಾರಿ ಅದರ ಕಾಂಟ್ಯಾಕ್ಟ್‌ಗಳು ಬೆಸೆದುಕೊಳ್ಳಬಹುದು. ಆಗ ಕೀಲಿ ತೆಗೆದಿದ್ದರೂ ಇಗ್ನೈಟರ್ ತಂತಿ ಕಚ್ಚಿಸುವ ಕ್ಲಿಪ್‌ನಲ್ಲಿ 12 ವೋಲ್ಟ್ ಕೂತಿರುತ್ತದೆ, ಇಗ್ನೈಟರ್ ಸಿಕ್ಕಿಸಿದ ಕ್ಷಣ ರಾಕೆಟ್ ನಿಮ್ಮ ಮುಖದ ಮುಂದೆಯೇ ಏಳುತ್ತದೆ. ಇದಕ್ಕೆ ಎಚ್ಚರಿಕೆಯ ಬಝರ್ ಈ ಮಾದರಿಯಲ್ಲಿಲ್ಲ. ಆದ್ದರಿಂದ ಪ್ರತಿ ಸಲವೂ ಕೀಲಿ ಜೇಬಿಗೆ ಹಾಕಿ, ಎರಡೂ ಕ್ಲಿಪ್‌ಗಳ ನಡುವೆ 12 ವೋಲ್ಟಿನ ಬೈಕ್ ಬಲ್ಬ್ ಇಟ್ಟು ನೋಡಿ. ಉರಿದರೆ ಬ್ಯಾಟರಿ ಕಳಚಿ, ಪೆಟ್ಟಿಗೆ ಪಕ್ಕಕ್ಕಿಡಿ.

ಕಂಟಿನ್ಯೂಟಿ, ಅಂದರೆ ಇಗ್ನೈಟರ್ ಸರ್ಕ್ಯೂಟ್ ಪೂರ್ತಿಯಾಗಿದೆಯೇ ಅಂತ, ತೋರಿಸುವುದು ಎಲ್‌ಇಡಿ, ಕೆಲವೇ ಮಿಲಿ ಆಂಪಿಯರ್. ಇದು ಒಳ್ಳೆಯದು. ಹಳೆಯ ಸೆಟ್‌ಗಳ ಬಲ್ಬ್ ಮೂಲಕ ಹರಿಯುವ ಕರೆಂಟಿಗೇ ಸೂಕ್ಷ್ಮವಾದ ಇ-ಮ್ಯಾಚ್ (ಕರೆಂಟಿಗೆ ಹೊತ್ತುವ ಕಡ್ಡಿಯಂಥ ಇಗ್ನೈಟರ್) ಹೊತ್ತಿಕೊಂಡುಬಿಡಬಹುದು.

ಆದರೆ ಮಿಸ್‌ಫೈರ್ ಆದಾಗ ಕಂಟ್ರೋಲರನ್ನೇ ಬೈಯುವವರು ಮೊದಲು ಇಗ್ನೈಟರ್ ಎಲ್ಲಿತ್ತು ಅಂತ ನೋಡಲಿ. ಕಾಂಪೊಸಿಟ್ (ರಬ್ಬರಿನಂಥ ಘನ ಇಂಧನದ) ಮೋಟರ್ ಉರಿಯುವುದು ನಡುವಿನ ತೂತಿನ ಉದ್ದಕ್ಕೂ. ಇಗ್ನೈಟರ್ ತುದಿ ಆ ತೂತಿನ ಮೇಲ್ತುದಿಗೆ ಮುಟ್ಟಬೇಕು. ಮೋಟರ್ ಪಕ್ಕದಲ್ಲಿ ಹಿಡಿದು ಅಳೆದು, ನಾಝಲ್ (ಬೆಂಕಿ ಹೊರಬರುವ ಕೆಳತುದಿ) ಬಾಯಿ ಬರುವಲ್ಲಿ ತಂತಿಗೆ ಟೇಪ್ ಸುತ್ತಿ ಗುರುತು ಮಾಡಿ. ಅರ್ಧಕ್ಕೇ ನಿಂತರೆ ಕೆಳಗಷ್ಟೇ ಹೊತ್ತಿ, ಭುಸ್ ಅಂದು ಇಗ್ನೈಟರನ್ನೇ ಉಗುಳಿ ಆರುತ್ತದೆ. ನಾಝಲ್‌ನ ಪ್ಲಾಸ್ಟಿಕ್ ಕ್ಯಾಪನ್ನು ಬಿಗಿಯಾಗಿ ಮುಚ್ಚಿದರೂ ಅದೇ ಕಥೆ, ಒಂದು ಮೂಲೆ ಕತ್ತರಿಸಿ ಹೊಗೆಗೆ ದಾರಿ ಬಿಡಿ.

ಇಗ್ನೈಟರನ್ನು ಮೋಟರಿಗೆ ಹಾಕುವುದು ಪ್ಯಾಡ್‌ನಲ್ಲಿ ಮಾತ್ರ, ಕಾರಿನ ಡಿಕ್ಕಿಯ ಹತ್ತಿರ ಅಲ್ಲ. ರಾಕೆಟ್ ನೆಟ್ಟಗೆ ನಿಲ್ಲಿಸಿ, ಎತ್ತರ ಅಳೆಯುವ ಆಲ್ಟಿಮೀಟರ್ ಆನ್ ಮಾಡಿ, ಬೀಪ್ ಕೇಳಿ, ಕೊನೆಗೆ ಇಗ್ನೈಟರ್. ತಂತಿಯನ್ನು ಕ್ಲಿಪ್ ಹಲ್ಲಿಗೆ ಎರಡು ಸುತ್ತು ಸುತ್ತಿ ಕಚ್ಚಿಸಿ. ಕ್ಲಿಪ್‌ಗಳು ಒಂದಕ್ಕೊಂದಾಗಲಿ, ಕೆಳಗಿನ ಉಕ್ಕಿನ ತಟ್ಟೆಗಾಗಲಿ ತಾಗಬಾರದು.

ಹೊತ್ತದಿದ್ದರೆ ಕೀಲಿ ತೆಗೆದು 60 ಸೆಕೆಂಡ್ ಕಾಯಬೇಕು, ಅಮೆರಿಕದ ರಾಕೆಟ್ ಹವ್ಯಾಸಿಗಳ ಸಂಘವಾದ ಎನ್‌ಎಆರ್ ಸುರಕ್ಷತಾ ನಿಯಮವೇ ಹಾಗಿದೆ. ಹೋದಾಗ ಬಲ್ಬ್ ಪರೀಕ್ಷೆ ಮತ್ತೆ ಮಾಡಿ, ಆಮೇಲಷ್ಟೇ ಹೊಸ ಇಗ್ನೈಟರ್.

ಉಳಿದಂತೆ ಖರ್ಚು ಕ್ಲಿಪ್‌ಗಳದ್ದೇ. ಪ್ರತಿ ಉಡಾವಣೆಯ ನಂತರ ಅವಕ್ಕೆ ಬಿಳಿ ಪುಡಿಯಂಥ ಮಸಿ ಅಂಟಿ ಹಲ್ಲು ಕೊರೆಯುತ್ತದೆ. ಉಪ್ಪುಕಾಗದದಿಂದ ಉಜ್ಜಿ, ಹಲ್ಲು ಸವೆದಿದ್ದರೆ ತಂತಿಯ ತುದಿ ಒಂದಿಂಚು ಕತ್ತರಿಸಿ ಹೊಸ ಕ್ಲಿಪ್ ಹಾಕಿ. ಸೆಟ್ ಜೊತೆ ಬರುವ ಸಣ್ಣ ಕ್ಲಿಪ್‌ಗಳನ್ನಂತೂ ಮೊದಲ ದಿನವೇ ಬದಲಿಸಿದರೆ ನಷ್ಟವಿಲ್ಲ.